ಅಣ್ಣ ಕೇಳಿದ ಸಪ್ಪಳ

...ಎಡಗಿವಿಯೇ ಇರಬೇಕು. ಮೊದಲು ಬಲಗಿವಿ ಎಂದು ಬರೆದು ಹೊಡೆದುಹಾಕಿದೆ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ಸೈಕಲ್ಲಿನ ಪೆಡಲ್ ಹೊತ್ತ ಕ್ರ್ಯಾಂಕಿನ ಬುಡಕ್ಕೆ ಆನಿಸಿ ಕಾಕಾ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಆ ಕಿವಿಯ ಹಾಲೆ ಸದಾ ಗ್ರೀಸಿನಿಂದ ಕಪ್ಪಗಿರುತ್ತಿತ್ತು. ಅಫಜಲಪುರದಲ್ಲಿ ನಮ್ಮ ಮನೆಯೆದುರು ಸೈಕಲ್ ಅಂಗಡಿ ಇಟ್ಟಿದ್ದರು, ಓಣಿಗೆಲ್ಲ ಕಾಕಾ. ನೆನಪು ಅವರನ್ನು ಒಳ್ಳೆಯವರನ್ನಾಗಿ ತಿದ್ದಲು ಹವಣಿಸುತ್ತದೆ. ನಾನು ಬಿಡುವುದಿಲ್ಲ.

"ಪೆಡಲ್ ತುಳಿಯೋದು ನಿಲ್ಲಸ್ರಿ. ಸಪ್ಪಳಾನೂ ನಿಂತಿತೇನು?" ಎಂದು ಗಿರಾಕಿಗೆ ಕೇಳುತ್ತಿದ್ದರು. ನಿಂತರೆ ರೋಗ ಚೈನು, ಕ್ರ್ಯಾಂಕಿನ ಕಡೆ, ನಿಲ್ಲದಿದ್ದರೆ ಗಾಲಿಯಲ್ಲಿ. ಆಮೇಲೆಯೇ ಪಾನಾ ಹಿಡಿದು ನಟ್ಟು ಬಿಚ್ಚುತ್ತಿದ್ದರು. ಅವಸರ ಮಾಡಿದವರಿಗೆ, "ಹೊಟ್ಟಿ ನೋಯ್ತದಂತ ಹಲ್ಲು ಕೀಳಸ್ಕೋತೀರೇನ್ರಿ?"

ಅಂಗಡಿಗೆ ಹೊಂದಿಕೊಂಡು ಅವರ ತಮ್ಮನ ಮನೆ. ಆಸ್ತಿ ಹಿಸ್ಸೆಯಾದಾಗ ಅಪ್ಪನ ಹತಾರಗಳು ಅಣ್ಣನಾದ ಕಾಕಾಗೆ, ಅಪ್ಪನ ಸೈಕಲ್ಲು ತಮ್ಮನಿಗೆ ಬಂದವು. ಅಂದಿನಿಂದ ಮಾತಿಲ್ಲ. ತಮ್ಮ ಆ ಸೈಕಲ್ಲಿಗೆ ತೆಂಗಿನಕಾಯಿ ಚೀಲ ಹೇರಿ, ಘತ್ತರಗಿಯ ಗುಡಿ ಮುಂದೆ ಮಾರಲು ಹೋಗುತ್ತಿದ್ದ. ಪೆಡಲಿನ ಪ್ರತಿ ಸುತ್ತಿಗೂ ಒಂದು 'ಟಕ್'. ಅಪ್ಪ ಮಾಡುತ್ತಿದ್ದಂತೆ ಅಮಾವಾಸ್ಯೆಗೊಮ್ಮೆ ಚೈನಿಗೆ ಕುಸುಬಿ ಎಣ್ಣೆ ಎರೆಯುತ್ತಿದ್ದ. ಅದು ಒಣಗಿ ಅಂಟಾಗಿ, ಎರೆಮಣ್ಣಿನ ಧೂಳು ಹಿಡಿದು, ಚೈನು ಕಪ್ಪು ಹಗ್ಗದಂತೆ ಬಿಗಿಯುತ್ತಿತ್ತು. ಟಕ್ ಮಾತ್ರ ಹೋಗಲಿಲ್ಲ.

ಅಂಥದೊಂದು ಅಮಾವಾಸ್ಯೆಯಂದು, ಇನ್ನೂ ಹುಡುಗಿಯಾಗಿದ್ದ ನಾನು ಅಂಗಡಿಯಲ್ಲಿದ್ದೆ. ತಮ್ಮ ಎಣ್ಣೆಯ ಬಟ್ಟಲು ಹಿಡಿದು ತನ್ನ ಬಾಗಿಲಲ್ಲಿ ಸೈಕಲ್ಲಿನ ಮುಂದೆ ಕೂತಿದ್ದ. ಮಾತು ಬಿಟ್ಟವರು ನಮ್ಮಲ್ಲಿ ಮೂರನೆಯವರ ಮುಖ ನೋಡಿ ಮಾತಾಡುತ್ತಾರೆ. ಕಾಕಾ ನನ್ನನ್ನು ನೋಡಿದರು.

"ತಂಗಿ, ಅವಗ ಹೇಳು. ಬ್ಯಾನಿ ಚೈನಿಂದಲ್ಲ. ಕ್ರ್ಯಾಂಕ್ ಹಿಡಿಯೋ ಕಾಟರ್ ಪಿನ್ ಸವದದ. ಒಂದಿನ ಜಾರಿ ಕೆಡವತದ."

ತಮ್ಮನೂ ನನ್ನನ್ನೇ ನೋಡಿದ. "ನಮ್ಮಪ್ಪಗಿಂತ ಶಾಣ್ಯಾ ಆಗ್ಯಾನೇನಂತ ಕೇಳವ್ವ ಅವಗ."

"ಅಪ್ಪ ಎಣ್ಣಿನೂ ಎರೀತಿದ್ದ, ಪಿನ್ನೂ ಬಡೀತಿದ್ದ. ಇವಗ ಎಣ್ಣಿ ಅಷ್ಟೇ ಕಂಡದ, ಅನ್ನು."

"ಹತಾರ ನುಂಗಿದಾವ ಬಡ್ಕೊಳ್ಳಲಿ, ಅನ್ನು."

ನಾನು ದಾಟಿಸಬೇಕಾದ್ದೇನೂ ಇರಲಿಲ್ಲ. ಇಬ್ಬರಿಗೂ ಎಲ್ಲ ಕೇಳಿಸಿತ್ತು.

ವಾರವೋ ತಿಂಗಳೋ ಕಳೆದು, ಘತ್ತರಗಿ ದಾರಿಯ ಏರಿನಲ್ಲಿ ತಮ್ಮ ಎದ್ದುನಿಂತು ತುಳಿಯುವಾಗ ಪಿನ್ ಜಾರಿತು. ಚೀಲದ ಸಮೇತ ಬಿದ್ದ. ಅವನ ಒಂದು ಮೊಣಕಾಲು ಮತ್ತೆ ಮಡಚಲು ಬರಲಿಲ್ಲ. ಕಾಕಾ ತಾವೇ ಹೋಗಿ ಸೈಕಲ್ಲು ತಂದರು. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಕೊಂಡಿ ಕೊಂಡಿ ಉಜ್ಜಿದರು, ಹೊಸ ಪಿನ್ ಬಡಿದರು, ಪೆಡಲ್ ತಿರುಗಿಸಿದರು. ಸದ್ದೇ ಇಲ್ಲ. ಒಯ್ದು ತಮ್ಮ ಮಲಗಿದ್ದ ಹೊರಸಿನ ಮುಂದೆ ನಿಲ್ಲಿಸಿದರು. ನಾನೂ ಹಿಂದೆ ಹೋಗಿದ್ದೆ.

ತಮ್ಮ ನನ್ನ ಕಡೆ ತಿರುಗಿದ. "ಹೇಳವ್ವ ಅವಗ. ಸಪ್ಪಳಾನೂ ಹೋತು, ಕಾಲೂ ಹೋತು."

ಕಾಕಾ ತಿರುಗಿ ಅಂಗಡಿಗೆ ನಡೆದರು. ಆಮೇಲೆ ನನ್ನ ಮೂಲಕವೂ ಅವರಲ್ಲಿ ಮಾತು ನಡೆದದ್ದನ್ನು ನಾನು ಕೇಳಿಲ್ಲ.

ವರ್ಷಗಳ ಮೇಲೆ ಕಾಕಾ ತೀರಿಕೊಂಡಾಗ ತಮ್ಮ ಕೋಲೂರಿಕೊಂಡು ಬಂದು ಹೆಣದ ಪಕ್ಕ ಕೂತ. ಬಿಕ್ಕಿ ಬಿಕ್ಕಿ ಅತ್ತನೆಂದು ಓಣಿಯವರು ಹೇಳುತ್ತಾರೆ. ಕೂತದ್ದನ್ನಷ್ಟೇ ನಾನು ಕಂಡೆ.

ಯಾವ ಯಂತ್ರ ಸದ್ದು ಮಾಡಿದರೂ ಇಂದಿಗೂ ನಾನು ಮೊದಲು ನಿಲ್ಲಿಸಿ ಕೇಳುತ್ತೇನೆ. ಅದು ಅವರು ಕಲಿಸಿದ್ದು. ಆದರೆ ತಮ್ಮ ಬೀಳುವ ಮುಂಚೆ ಆ ಸೈಕಲ್ಲು ಎಷ್ಟೋ ಮಧ್ಯಾಹ್ನ ಬೀಗವಿಲ್ಲದೆ ಅವರ ಅಂಗಡಿಯ ಗೋಡೆಗೇ ಆನಿಕೊಂಡು ನಿಂತಿರುತ್ತಿತ್ತು. ತಮ್ಮ ಒಳಗೆ ಮಲಗಿರುತ್ತಿದ್ದ. ಹೊಸ ಪಿನ್ ಬಡಿಯುವುದು ಸುತ್ತಿಗೆಯ ಕೆಲವೇ ಪೆಟ್ಟಿನ ಕೆಲಸ, ಯಾರನ್ನೂ ಕೇಳದೆ ಮಾಡಿಬಿಡಬಹುದಿತ್ತು. ಕಾಕಾ ಯಾಕೆ ಮಾಡಲಿಲ್ಲವೋ ನನಗೆ ಗೊತ್ತಿಲ್ಲ.