ಮಾವ ಕೇಳಿದ ಪ್ರೋಟಾನ್ ಪಾಠ

ಮೊನ್ನೆ ಪರಿಚಯದವರ ಮನೆಯಲ್ಲಿ ಕುಡಿಯಲು ನೀರು ಕೊಟ್ಟರು. ಲೋಟ ತುಟಿಗೆ ತಾಗುವ ಮೊದಲೇ ಲಾವಂಚದ ಘಮ ಬಂತು. ನಾನು ಕುಡಿಯುವುದನ್ನು ಮರೆತು ಮಾವನವರನ್ನು ನೆನೆಯುತ್ತ ಕುಳಿತುಬಿಟ್ಟೆ. ಗೋಡೆಯ ಮೇಲಿರುವ ಅವರ ಫೋಟೋವನ್ನು ದಿನಾ ಒರೆಸುತ್ತೇನೆ, ಆಗೆಲ್ಲ ಏನೂ ಆಗುವುದಿಲ್ಲ ನೋಡಿ.

ಮಾವ ಎಂದರೆ ನನ್ನ ಗಂಡನ ತಂದೆ. ಗಾಂಧಿಬಜಾರಿನ ಪಕ್ಕದ ಬೀದಿಯಲ್ಲಿ ಅವರದೊಂದು ಗ್ರಂಧಿಗೆ ಅಂಗಡಿ ಇತ್ತು. ಅರಿಶಿನದ ಕೊಂಬು, ಅಳಲೆಕಾಯಿ, ಲಾವಂಚದ ಬೇರು, ಬಾಣಂತಿಯರ ಖಾರಕ್ಕೆ ಬೇಕಾದ ಸಾಮಾನು. ಕೊಳ್ಳುವವರಿಗಿಂತ ಕಷ್ಟ ಹೇಳಿಕೊಳ್ಳಲು ಬರುವವರೇ ಜಾಸ್ತಿ. ಹೀಗಾಗಿ ಹೊಟ್ಟೆ, ಮೂತ್ರ, ಮುಟ್ಟು ಎಲ್ಲವನ್ನೂ ಅವರು ಮಳೆ ಬಿಸಿಲಿನಷ್ಟೇ ಸಲೀಸಾಗಿ ಮಾತಾಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಮಾತುಗಳಿಗೆ ಹೆದರಿ ಅಡುಗೆಮನೆಗೆ ಓಡುತ್ತಿದ್ದೆ. ಮಲ್ಲೇಶ್ವರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು ನಾನು. ಸಾರಿಗೆ ಉಪ್ಪು ಕಡಿಮೆ ಎಂದು ಯಾರಾದರೂ ಅಂದರೂ ಪೀಠಿಕೆಯಿಂದ ಶುರುಮಾಡುವ ಚಾಳಿ ನನ್ನದು. ಆದರೆ ದೇಹದ ವಿಷಯ ಬಂದರೆ ನಾಲಿಗೆ ಏಳುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರದ ಮಾತು. ಅತ್ತೆ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಾವನವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದಾಯಿತು, ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದರು. ಎಲ್ಲ ಮುಗಿಯಿತೆಂದುಕೊಂಡೆವು. ಆಮೇಲೆ, ಸೊನ್ನೆಯ ಹತ್ತಿರ ಇರಬೇಕಾಗಿದ್ದ ರಕ್ತಪರೀಕ್ಷೆಯ ಅಂಕಿ ಮೆಲ್ಲಗೆ ಏರತೊಡಗಿತು. ಕ್ಯಾನ್ಸರಿನ ಚೂರು ಒಳಗೆ ಉಳಿದಿರಬಹುದು, ಗ್ರಂಥಿ ಇದ್ದ ಜಾಗಕ್ಕೆ ರೇಡಿಯೇಷನ್ ಕೊಡಬೇಕು ಎಂದರು.

ಅದೇ ವಾರ ನನ್ನ ಗಂಡನಿಗೆ ಹೊರದೇಶದಲ್ಲಿದ್ದ ಸ್ನೇಹಿತನೊಬ್ಬ ಫೋನಿನಲ್ಲಿ ಪ್ರೋಟಾನ್ ಚಿಕಿತ್ಸೆಯ ಸುದ್ದಿ ಹೇಳಿದ. ಆಗ ಅದು ನಮ್ಮ ದೇಶದಲ್ಲಿ ಇರಲಿಲ್ಲ. ಇಲ್ಲಿದ್ದದ್ದು ಫೋಟಾನ್, ಅಂದರೆ ಎಕ್ಸ್‌-ರೇ ಜಾತಿಯ ಕಿರಣ. ಹೇಗಾದರೂ ಮಾಡಿ ಅಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕೆಂದು ಇವರ ಹಟ. ನಾವಿಬ್ಬರೂ ಒಲೆಯ ಮುಂದೆ ನಿಂತು ಪಿಸುಗುಡುತ್ತಿದ್ದಾಗ ಮಾವ ಬಾಗಿಲಿಗೆ ಬಂದು ನಿಂತರು.

"ನನ್ ವಿಷಯ ತಾನೇ? ಇಲ್ಲಿ ಬಂದು ಹೇಳಿ. ಗಿರಾಕೀನ ಹೊರಗೆ ನಿಲ್ಸಿ ನಾನ್ಯಾವತ್ತೂ ವ್ಯಾಪಾರ ಮಾಡ್ಲಿಲ್ಲ."

ಹೇಳಬೇಕಾಯಿತು. ಊಟದ ಮೇಜಿನ ಮೇಲೆ ಹಳೇ ಪಂಚಾಂಗ ಮಗುಚಿ, ಅದರ ಹಿಂಬದಿಯಲ್ಲಿ ಗೆರೆ ಎಳೆದು ಪಾಠ ಶುರುಮಾಡಿದೆ. ಫೋಟಾನ್ ದೇಹದೊಳಗೆ ಹೊಕ್ಕಲ್ಲಿಂದ ಆಚೆ ಹೊರಡುವವರೆಗೆ ದಾರಿಯುದ್ದಕ್ಕೂ ಶಕ್ತಿ ಚೆಲ್ಲುತ್ತ ಹೋಗುತ್ತದೆ. ಪ್ರೋಟಾನ್ ಹಾಗಲ್ಲ, ದಾರಿಯಲ್ಲಿ ಸ್ವಲ್ಪವೇ ಕೊಟ್ಟು, ನಾವು ಗುರುತಿಟ್ಟ ಆಳಕ್ಕೆ ಹೋಗಿ ಮಿಕ್ಕಿದ್ದನ್ನೆಲ್ಲ ಸುರಿದು ಅಲ್ಲೇ ನಿಲ್ಲುತ್ತದೆ. ತರಗತಿಯಲ್ಲಾದರೆ ಹುಡುಗಿಯರು ಆಕಳಿಸುವ ಹೊತ್ತು. ಮಾವ ಮಾತ್ರ ಕನ್ನಡಕ ಏರಿಸಿಕೊಂಡು ಕೇಳುತ್ತಿದ್ದರು.

"ಅಂದ್ರೆ ಒಂದು ಬೀದಿಯುದ್ದಕ್ಕೂ ಹಂಚ್ಕೊಂಡ್ ಹೋಗುತ್ತೆ, ಇನ್ನೊಂದು ನೇರ ಮನೆ ಬಾಗಿಲಲ್ಲಿ ಗಂಟು ಇಳಿಸುತ್ತೆ. ಸರಿ. ಆದ್ರೆ ಗ್ರಂಥೀನೇ ಕಿತ್ತಾಕಿದಾರಲ್ಲಮ್ಮ, ಮನೇನೇ ಇಲ್ಲ. ಗಂಟು ಎಲ್ಲಿ ಇಳಿಸೋದು?"

ಡಾಕ್ಟರನ್ನೇ ಕೇಳೋಣ ಎಂದೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮಾವ ಅದೇ ಪ್ರಶ್ನೆಯನ್ನು ಅವರಿಗೂ ಹಾಕಿದರು. ಆಕೆ ನಕ್ಕು, ತಮ್ಮ ಎರಡು ಅಂಗೈಗಳನ್ನು ಹತ್ತಿರ ಹಿಡಿದರು. "ಇದು ಮೂತ್ರಚೀಲ, ಇದು ಗುದನಾಳ. ಮಧ್ಯದ ಜಾಗಕ್ಕೆ ನಾವು ಕೊಡ್ಬೇಕಾಗಿರೋದು. ಯಾವ ಕಿರಣ ಆದ್ರೂ ಈ ಎರಡರ ಗೋಡೆಗೂ ತಾಗೇ ತಾಗುತ್ತೆ. ಪ್ರೋಟಾನ್ ಆದ್ರೆ ಸುತ್ತಮುತ್ತ ಚೆಲ್ಲೋದು ಕಮ್ಮಿ, ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತೆ."

"ಹಾಗಾದ್ರೆ ಅದೇ ಒಳ್ಳೇದಲ್ವಾ?" ಎಂದರು ನನ್ನ ಗಂಡ.

"ಆಪರೇಷನ್ ಆದವರಿಗೆ ಅದರಿಂದ ನಿಜವಾಗ್ಲೂ ತೊಂದರೆ ಕಮ್ಮಿ ಆಗುತ್ತಾ ಅಂದ್ರೆ, ನನಗೆ ಗೊತ್ತಿಲ್ಲ ಸರ್. ಸದ್ಯಕ್ಕೆ ಯಾರಿಗೂ ಗಟ್ಟಿಯಾಗಿ ಗೊತ್ತಿಲ್ಲ." ಆಮೇಲೆ ಮಾವನ ಕಡೆ ತಿರುಗಿ, "ನಿಮಗೆ ಯಾವುದರ ಭಯ, ಹೇಳಿ," ಎಂದರು.

ಮಾವ ಒಂದು ಕ್ಷಣ ನನ್ನನ್ನು ನೋಡಿದರು. ನಾನು ಏಳಬೇಕೋ ಏನೋ ಎಂದು ಬ್ಯಾಗಿಗೆ ಕೈ ಹಾಕಿದೆ.

"ಕೂತ್ಕೊಳಮ್ಮ," ಎಂದರು. "ಆಪರೇಷನ್ ಆದಾಗಿಂದ ಕೆಮ್ಮಿದ್ರೆ, ಎದ್ರೆ, ಒಂದಕ್ಕೆ ತಾನಾಗೇ ಹೋಗ್ಬಿಡುತ್ತೆ ಡಾಕ್ಟ್ರೇ. ಸಾಯೋದಕ್ಕೆ ನನಗೆ ಅಂಥ ಭಯ ಇಲ್ಲ. ಅಂಗಡೀಲಿ ನಾಲ್ಕು ಜನದ ಮುಂದೆ ಪಂಚೆ ಒದ್ದೆಯಾಗುತ್ತಲ್ಲ, ಅದು ಭಯ."

ಒಂದೇ ಸೂರಿನಡಿ ಇದ್ದೂ ಇದು ನಮಗೆ ಗೊತ್ತಿರಲಿಲ್ಲ. ಅವರು ಬಟ್ಟೆಯನ್ನು ತಾವೇ ಒಗೆದುಕೊಳ್ಳತೊಡಗಿದ್ದನ್ನು ನಾವು ಹೊಸ ಮಡಿ ಎಂದುಕೊಂಡಿದ್ದೆವು. ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿದರು. ಡಾಕ್ಟರು ಮಾತ್ರ, ಅಂಕಿ ನಿಧಾನವಾಗಿ ಏರುತ್ತಿರುವುದರಿಂದ ಸ್ವಲ್ಪ ಕಾಯಬಹುದು, ಅಷ್ಟರಲ್ಲಿ ಹಿಡಿತ ಬರಲು ಕೆಲವು ವ್ಯಾಯಾಮ ಮಾಡಿ ಎಂದು ಹೇಳಿಕೊಟ್ಟರು.

ಹೊರಗೆ ಬಂದ ಮೇಲೆ ಮಾವನ ತೀರ್ಪು ಸಿದ್ಧವಾಗಿತ್ತು. "ಗೊತ್ತಿಲ್ಲ ಅನ್ನೋಕೆ ಧೈರ್ಯ ಬೇಕಪ್ಪ. ಆ ಹುಡುಗಿ ಹತ್ರಾನೇ ಮಾಡಿಸ್ಕೋತೀನಿ."

ಕೆಲವು ತಿಂಗಳ ನಂತರ ಫೋಟಾನ್ ಚಿಕಿತ್ಸೆ ಆರಂಭವಾಯಿತು. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ, ಮುಗಿಸಿಕೊಂಡು ಕಾಲೇಜಿಗೆ ಹೊರಡುತ್ತಿದ್ದೆ. ಕಿರಣ ಬೀಳುವಾಗ ಮೂತ್ರಚೀಲ ತುಂಬಿರಬೇಕಂತೆ, ಹಾಗಿದ್ದರೆ ಅದರ ಬಹುಭಾಗ ಕಿರಣದ ದಾರಿಯಿಂದ ದೂರ ಸರಿಯುತ್ತದೆ. ಹಿಡಿದುಕೊಳ್ಳಲಾಗದ ಮನುಷ್ಯನಿಗೆ ಹಿಡಿದುಕೊಂಡಿರು ಎನ್ನುವ ಪಥ್ಯ! ಮಾವ ಲಾವಂಚದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ದಾರಿಯಲ್ಲೇ ಕುಡಿಯಲು ಶುರುಮಾಡುತ್ತಿದ್ದರು.

ಒಂದು ಬೆಳಿಗ್ಗೆ ಮಿನರ್ವ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡೆವು. ಮಾವ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಸ್ವಲ್ಪ ಹೊತ್ತಿಗೆ ಆ ಕೈ ಸಡಿಲವಾಯಿತು.

"ಸೀಟು ಒದ್ದೆಯಾಯ್ತಮ್ಮ."

"ಆಗ್ಲಿ ಬಿಡಿ ಮಾವ. ಮನೆಗೆ ಹೋಗ್ಬಿಡೋಣ್ವಾ?"

"ಮನೆಗ್ಯಾಕೆ? ಚೀಲದಲ್ಲಿ ಇನ್ನೊಂದು ಪಂಚೆ ಇದೆ. ನಡಿ."

ಆಸ್ಪತ್ರೆಯಲ್ಲಿ ಪಂಚೆ ಬದಲಾಯಿಸಿದರು, ತಮ್ಮ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು, ಮತ್ತೆ ಮೊದಲಿಂದ ನೀರು ಕುಡಿಯುತ್ತ ಕುಳಿತರು. ಪಕ್ಕದ ಬೆಂಚಿನಲ್ಲಿದ್ದ ಹಿರಿಯರು ಏನಾಯಿತೆಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಹಿರಿಯರು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ನನಗೂ ಹಾಗೇ ಸ್ವಾಮಿ," ಎಂದರು. ಆಮೇಲೆ ಅವರಿಬ್ಬರ ಮಾತು ನಿಲ್ಲಲೇ ಇಲ್ಲ. ಅವತ್ತು ನನ್ನ ಮೊದಲ ಪೀರಿಯಡ್ ತಪ್ಪಿತು, ಬೇಸರವಾಗಲಿಲ್ಲ.

ಅಂಕಿ ಇಳಿಯಿತು. ಹಿಡಿತವೂ ಬಹುಮಟ್ಟಿಗೆ ಬಂತು. ಒಂದೆರಡು ವರ್ಷದ ಮೇಲೆ ಮಲದಲ್ಲಿ ಆಗಾಗ ರಕ್ತ ಕಾಣಿಸಿಕೊಂಡು ಎಲ್ಲರಿಗೂ ಗಾಬರಿಯಾಯಿತು. ರೇಡಿಯೇಷನ್ನಿನ ಪರಿಣಾಮ, ಅಪಾಯವಿಲ್ಲ ಎಂದರು ಡಾಕ್ಟರು. "ಪ್ರೋಟಾನ್ ಆಗಿದ್ರೆ ಇದು ಬರ್ತಿರ್ಲಿಲ್ವೇನೋ," ಎಂದು ನನ್ನ ಗಂಡ ಕೊರಗಿದಾಗ ಮಾವ ಅವರ ಬೆನ್ನ ಮೇಲೆ ಕೈಯಿಟ್ಟರು. "ಬರ್ತಿತ್ತೋ ಇಲ್ವೋ, ಯಾರು ಕಂಡೋರು? ನಾನು ಇಲ್ಲಿದ್ದೀನಿ, ನೀನೂ ಇದ್ದೀಯ. ಊಟಕ್ಕೆ ಏಳು." ಮುಂದೆ ಎಷ್ಟೋ ವರ್ಷ ಅಂಗಡಿಯಲ್ಲಿ ಕುಳಿತರು. ಕೊನೆಗೆ ಹೋದದ್ದು ವಯಸ್ಸಿನಿಂದ, ಒಂದು ಮಧ್ಯಾಹ್ನ, ಮಲಗಿದಲ್ಲೇ.

ಇಷ್ಟೆಲ್ಲ ನೆನೆಯುತ್ತ ಮೊನ್ನೆ ಮನೆಗೆ ಬಂದೆ. ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನ್. ಅವಳ ತಂದೆಗೂ ಅದೇ ಆಪರೇಷನ್ ಆಗಿ, ಈಗ ರೇಡಿಯೇಷನ್ ಹೇಳಿದ್ದಾರಂತೆ. ಈಗ ನಮ್ಮ ದೇಶಕ್ಕೂ ಪ್ರೋಟಾನ್ ಬಂದಿದೆ. "ಮ್ಯಾಮ್, ಯಾವ್ದು ಒಳ್ಳೇದು? ನೀವು ಫಿಸಿಕ್ಸ್ ಅಲ್ವಾ, ಸ್ವಲ್ಪ ಹೇಳಿ."

"ನೋಡಮ್ಮ, ಪ್ರೋಟಾನ್ ಅಂದ್ರೆ..." ಎಂದು ಪೀಠಿಕೆ ಎತ್ತಿದವಳು ತಡೆದೆ. "ಅಪ್ಪ ಎಲ್ಲಿದ್ದಾರೆ?"

"ಪಕ್ಕದ ರೂಮಲ್ಲಿ. ಅವರಿಗೆ ಇದೆಲ್ಲ ಹೇಳಿಲ್ಲ ಮ್ಯಾಮ್, ಸುಮ್ನೆ ಟೆನ್ಷನ್ ಅಂತ."

"ಫೋನ್ ಅವರ ಕೈಗೆ ಕೊಡು."

ಅವಳು ಹಿಂಜರಿದಳು. ಬಾಗಿಲು ತೆರೆದ ಸದ್ದು, ಏನೋ ಗುಸುಗುಸು. ಆಮೇಲೆ ಗಂಟಲು ಸರಿಮಾಡಿಕೊಂಡ ಒಂದು ಮುದಿ ದನಿ, "ಹೇಳಮ್ಮ," ಎಂದಿತು.

"ಸರ್, ನಿಮಗೆ ಒಂದಕ್ಕೆ ಹೋಗೋದರಲ್ಲಿ ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದೆ. ನನ್ನ ದನಿ ನಡುಗಲಿಲ್ಲ.

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಹೇಗೆ ಹೇಳೋದಮ್ಮ," ಎಂದು ಅವರು ಶುರುಮಾಡಿದರು. ನಾನು ಕುರ್ಚಿ ಎಳೆದುಕೊಂಡು ಕುಳಿತೆ.