ಬಿಸಿ ಎಣಿಸುವ ಮಿಸ್ತ್ರಿ

ನಮ್ಮ ಮಿಸ್ತ್ರಿಯವರ ಎಡಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಇಪ್ಪತ್ತು ವರ್ಷ ಕಾದ ಕಬ್ಬಿಣ ಮುಟ್ಟಿ ಮುಟ್ಟಿ ಅಲ್ಲಿಯ ಚರ್ಮ ತಾಮ್ರದ ತಂಬಿಗೆಯ ತಳದಂತೆ ನುಣ್ಣಗೆ ಹೊಳೆಯುತ್ತಿತ್ತು. ಒಮ್ಮೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಗುಮಾಸ್ತರೊಬ್ಬರು ಮೂರು ಸಲ ಒತ್ತಿಸಿದರೂ ಬರೀ ಮಸಿಯ ಗುಂಡು ಮಚ್ಚೆ ಬಿದ್ದದ್ದು ಕಂಡು, "ಏನ್ರೀ, ನಿಮಗ ಗೆರಿ ಇಲ್ಲೇನು?" ಎಂದು ರೇಗಿದರು. ಮಿಸ್ತ್ರಿ ನಗದೆ, "ಇದ್ದೂರಿ ಸಾಹೇಬ್ರ, ಎಲ್ಲಾ ಎಂಜಿನ್‌ನಾಗ ಉಳದಾವು" ಎಂದರು. ಅವರಿಗೆ ಚೆಂದಾಗಿ ಸಹಿ ಮಾಡಲು ಬರುತ್ತಿತ್ತು. ಗುಮಾಸ್ತರು ಕೇಳಲಿಲ್ಲ, ಇವರು ಹೇಳಲಿಲ್ಲ, ಅಷ್ಟೇ.

ಆ ಬೆರಳುಗಳಿಂದ ಅವರು ಬಿಸಿಯನ್ನು ಎಣಿಸುತ್ತಿದ್ದರು. ಓಡಿ ಬಂದ ಗಾಡಿಯ ಬಾನೆಟ್ ಎತ್ತಿ, ಕೊಳವೆಯ ಮೇಲೆ ಬೆರಳಿಟ್ಟು, ಒಂದು, ಎರಡು, ಮೂರು ಎಂದು ಮೆಲ್ಲಗೆ ಎಣಿಸುತ್ತ ಹೋಗುವರು. ಕೈ ತೆಗೆಯಲೇಬೇಕೆನಿಸಿದಲ್ಲಿ ನಿಲ್ಲಿಸುವರು. ಐದು ಎಣಿಕೆಯಾದರೆ ಚಿಂತೆಯಿಲ್ಲ, ಎರಡೆಣಿಕೆಯಾದರೆ ಗಾಡಿ ಅಲ್ಲೇ ನಿಲ್ಲಬೇಕು. ನಾನು ಎಷ್ಟು ಸಲ ಕಲಿಯಲು ಹೋಗಿ ಬೊಬ್ಬೆ ಎಬ್ಬಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅವರ ಎಣಿಕೆ ತಪ್ಪಿದ್ದನ್ನು ಮಾತ್ರ ನಾನು ಕಾಣೆ.

ಅವರು ಹುಲಿಹೈದರದ ಒಕ್ಕಲು ಮನೆಯವರು. ಹರೆಯದಲ್ಲಿ ಹೊಲ ಬಿಟ್ಟು ತುಂಗಭದ್ರಾ ಅಣೆಕಟ್ಟಿನ ಕಡೆ ದೊಡ್ಡ ದೊಡ್ಡ ಯಂತ್ರಗಳ ಕೆಲಸಕ್ಕೆ ಹೋದವರು, ಆಮೇಲೆ ಕುಷ್ಟಗಿಯ ಕ್ರಾಸಿನಲ್ಲಿ ಬೇವಿನ ಮರದ ಕೆಳಗೆ ಗ್ಯಾರೇಜು ಹಾಕಿದರು. ಬಾನೆಟ್ಟನ್ನು ಧಡ್ ಎಂದು ಬಡಿದು ಮುಚ್ಚಿದವರನ್ನು ಎರಡು ದಿನ ಮಾತಾಡಿಸುತ್ತಿರಲಿಲ್ಲ. ತಮ್ಮ ಗಾಡಿಯನ್ನು ಯಾರಾದರೂ ಡಬ್ಬಾ ಎಂದು ಬೈದರೆ, "ಗಾಡಿ ಸುಳ್ಳು ಹೇಳಂಗಿಲ್ಲಪಾ, ಗಾಡಿಯಾಗ ಕುಂತವರು ಹೇಳ್ತಾರ" ಎನ್ನುತ್ತಿದ್ದರು. ಆ ಮಾತು ಒಂದು ದಿನ ನನ್ನ ಮಾನ ಉಳಿಸುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ.

ನಾನು ಕುಷ್ಟಗಿಯ ಡಾಕ್ಟರೊಬ್ಬರ ಕಾರಿನ ಚಾಲಕ. ಎಂಬತ್ತರ ದಶಕದ ನಡುವಿನ ಮಾತು. ಎಲ್ಲೋ ಕಾರ್ಖಾನೆ ಕಟ್ಟಲು ಬಂದಿದ್ದ ಪರದೇಶದ ಎಂಜಿನಿಯರ್ ಬಿಟ್ಟುಹೋದ ಹಳೆಯ ಡೀಸೆಲ್ ಕಾರನ್ನು ಡಾಕ್ಟರು ಹರಾಜಿನಲ್ಲಿ ಹಿಡಿದು ತಂದಿದ್ದರು. ಹಿಂದಿನ ಸೀಟು ಮಡಚಿದರೆ ರೋಗಿ ಕಾಲು ಚಾಚಿ ಮಲಗಬಹುದಾದಷ್ಟು ಉದ್ದ. ಅದರ ಎಂಜಿನ್ನಿಗೆ ಟರ್ಬೊ ಇತ್ತು. ಹೊಗೆಯ ರಭಸಕ್ಕೆ ಗಿರ್ರನೆ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಆ ಸುರುಳಿಯಾಕಾರದ ಸಾಮಾನಿಗೆ ಮಿಸ್ತ್ರಿ ಬಸವನಹುಳ ಎಂದು ಹೆಸರಿಟ್ಟಿದ್ದರು. ಚಳಿಗಾಲದಲ್ಲಿ ಆ ಕಾರು ಹಾರುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಏರು ಬಂದರೆ ಮಾತ್ರ ದಮ್ಮು ಹತ್ತಿದ ಮುದುಕನ ಹಾಗೆ ಆಗುತ್ತಿತ್ತು.

ಅಂಥದೊಂದು ಮಧ್ಯಾಹ್ನ ಹೆರಿಗೆ ಕಷ್ಟವಾದ ಹೆಣ್ಣುಮಗಳೊಬ್ಬಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುತ್ತಿದ್ದೆ. ಜೊತೆಗೆ ಅವಳ ಅತ್ತೆ ಮತ್ತು ಮೈದುನ. ಯಲಬುರ್ಗಾ ದಾಟಿದ ಮೇಲಿನ ಉದ್ದನೆಯ ಏರಿನಲ್ಲಿ ಕಾರು ಸೋತಿತು. ಎಂಜಿನ್ ಅರಚುತ್ತಿದೆ, ಗಾಲಿ ತೆವಳುತ್ತಿದೆ. ಮೂರು ಸಲ ನಿಲ್ಲಿಸಿ ಆರಿಸಿದೆ. ಹುಬ್ಬಳ್ಳಿ ಮುಟ್ಟಿದಾಗ ಹೊತ್ತಾಗಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಮೈದುನ ಊರಿಗೆ ಬಂದು, ಡ್ರೈವರ್ ಬೇಕೆಂದೇ ಗಾಡಿ ನಿಲ್ಲಿಸಿದ ಎಂದ. ಸಂತೆಯ ಹೊತ್ತಿಗೆ ಅದು, ಚಹಾ ಕುಡಿಯಲು ನಿಲ್ಲಿಸಿದ ಎಂದಾಯಿತು. ಮರುದಿನ ಚಹಾ ಹೋಗಿ ಸೆರೆಯ ಬಾಟಲಿ ಬಂತು. ನಾನು ಎಲೆ ಅಡಿಕೆ ಕೂಡ ಹಾಕದ ಮನುಷ್ಯ. ಡಾಕ್ಟರು ಒಳ್ಳೆಯವರು, ಆದರೆ ಆ ಕೂಸಿನ ಸಂಕಟದಲ್ಲಿದ್ದರು. "ಕೀಲಿ ಮೇಜಿನ ಮ್ಯಾಲೆ ಇಟ್ಟು ಹೋಗು" ಎಂದರು. ಇಟ್ಟು ಬಂದೆ. ನೌಕರಿ ಹೋದದ್ದಕ್ಕಿಂತ, ಕೂಸು ಕೊಂದವನು ಎಂಬ ಹೆಸರು ಹೊತ್ತು ಆ ಊರಿನಲ್ಲಿ ಹೇಗೆ ತಿರುಗಾಡುವುದು ಎಂಬುದೇ ನನಗೆ ದೊಡ್ಡದಾಗಿತ್ತು.

ನೆಟ್ಟಗೆ ಗ್ಯಾರೇಜಿಗೆ ಹೋಗಿ ಅತ್ತೆ. ಮಿಸ್ತ್ರಿ ಸಮಾಧಾನ ಹೇಳುವ ಜನವಲ್ಲ. ನಾನು ಮೂಗು ಒರೆಸಿಕೊಳ್ಳುವ ತನಕ ಕಾದು, "ಅತ್ತದ್ದು ಆತಲ್ಲ? ಈಗ ಹೇಳು. ನಿಂತಾಗ ಬಸವನಹುಳದ ಮುಂದಿನ ಪೈಪು ಮುಟ್ಟಿದ್ದೇನು?" ಎಂದು ಕೇಳಿದರು. ನಾನು ಅಂಗೈ ತೋರಿಸಿದೆ. ಬೊಬ್ಬೆ ಎದ್ದಿತ್ತು.

"ಎಷ್ಟು ಎಣಿಸಿದಿ?"

"ಒಂದು ಅನ್ನಾಕೂ ಬಿಡಲಿಲ್ರಿ."

ಅವರು ಕೈ ತೊಳೆದು ಅಂಗಿ ಹಾಕಿಕೊಂಡು ನನ್ನನ್ನು ಡಾಕ್ಟರ ಮನೆಗೆ ಎಳೆದುಕೊಂಡು ಹೋದರು. "ಡಾಕ್ಟ್ರ, ಈ ಹುಡುಗಂದು ತಪ್ಪಿಲ್ಲ. ಗಾಳಿ ಬಿಸಿ ಆಗಿ ಎಂಜಿನ್ನಿಗೆ ಉಸಿರು ಸಾಲವಲ್ದು" ಎಂದರು. ಗಾಳಿ ತುಂಬುವ ಯಂತ್ರವೇ ಇರುವಾಗ ಉಸಿರು ಹೇಗೆ ಸಾಲದು ಎಂದು ಡಾಕ್ಟರು ವಾದಕ್ಕೆ ನಿಂತರು.

"ಬಿಸಿ ರೊಟ್ಟಿ ಉಬ್ಬಿರತೈತಿ. ಬುಟ್ಟಿಯಾಗ ನಾಕು ಇಟ್ರ ತುಂಬಿ ಹೋಗತೈತಿ. ಆರಿದ ಮ್ಯಾಲೆ ಅದ ಬುಟ್ಟಿಯಾಗ ಹತ್ತು ಹಿಡಿತಾವು. ಗಾಳಿದೂ ಹಂಗರಿ. ಒತ್ತಿದಂಗ ಕಾಯ್ತೈತಿ, ಕಾದಂಗ ಉಬ್ಬತೈತಿ. ಎಂಜಿನ್ನಿಗೆ ಹೋಗೂಕಿಂತ ಮೊದಲ ಆರಿಸಬೇಕು. ಡ್ಯಾಮಿನ ದೊಡ್ಡ ಎಂಜಿನ್ನಿಗೆ ನೀರಿನ ಪೆಟ್ಟಿಗಿ ಇಟ್ಟು ಆರಸ್ತಿದ್ರು. ನಾ ಕಣ್ಣಾರೆ ನೋಡೀನಿ, ಬಿಚ್ಚಿ ತೊಳದೀನಿ."

"ರೇಡಿಯೇಟರಿನಾಗ ನೀರು ಐತೆಲ್ಲ, ಅದಕ್ಕ ಜೋಡಿಸು."

"ಅದರಾಗ ತತ್ತಿ ಬೇಯ್ತೈತ್ರಿ. ಬಿಸಿನೀರಿನಾಗ ಬಿಸಿಗಾಳಿ ಅದ್ದಿ ಏನ್ ಬಂತು? ಇದಕ್ಕ ಬ್ಯಾರೆ ನೀರು, ಬ್ಯಾರೆ ರೇಡಿಯೇಟರು, ಬ್ಯಾರೆ ಪಂಪು ಬೇಕು. ಒಂದು ತಿಂಗಳು ಕೊಡ್ರಿ. ಆ ಏರು ಹತ್ತಲಿಲ್ಲಂದ್ರ ನಾ ಮತ್ತ ಯಾರ ಬಾನೆಟ್ಟೂ ಎತ್ತಂಗಿಲ್ಲ. ಹತ್ತಿದ್ರ ಇವನ ಕೀಲಿ ಇವಗ ಕೊಡ್ರಿ. ನಾಕು ಮಂದಿ ಮುಂದ ಕೊಡ್ರಿ."

ತಮ್ಮ ಇಪ್ಪತ್ತು ವರ್ಷದ ಹೆಸರನ್ನು ಅವರು ನನ್ನ ಹೆಸರಿನ ಪಕ್ಕ ತಂದಿಟ್ಟದ್ದು ಹೀಗೆ. ಕ್ರಾಸಿನಲ್ಲಿ ಕೂತ ಲಾರಿಯವರಿಗೆ ಮರುದಿನದಿಂದ ಅದೇ ತಮಾಷೆ. "ಮಿಸ್ತ್ರಿ ಗಾಡಿಗೆ ಜಳಕ ಮಾಡಸ್ತಾರಂತಪೋ" ಎಂದು ನಗುತ್ತಿದ್ದರು. ಮಿಸ್ತ್ರಿ ತಲೆ ಎತ್ತಲಿಲ್ಲ. ಗಂಗಾವತಿಯಲ್ಲಿ ಹಂಡೆ ಕೊಡ ಬಡಿಯುವ ತಾಮ್ರದ ಕೆಲಸದವನ ಮುಂದೆ ಮೂರು ದಿನ ಕೂತು, ಪೆನ್ಸಿಲಿನಷ್ಟು ಸಣ್ಣ ತಾಮ್ರದ ನಳಿಗೆಗಳನ್ನು ಸಾಲಾಗಿ ಜೋಡಿಸಿ, ಸುತ್ತ ತಗಡಿನ ಪೆಟ್ಟಿಗೆ ಕಟ್ಟಿಸಿದರು. ನಳಿಗೆಯೊಳಗೆ ತಣ್ಣೀರು, ನಳಿಗೆಗಳ ಸುತ್ತ ಗಾಳಿ. ಕಾದ ನೀರನ್ನು ಆರಿಸಲು ಹಳೆಯ ಟ್ರ್ಯಾಕ್ಟರಿನ ರೇಡಿಯೇಟರನ್ನು ಕತ್ತರಿಸಿ ಸಣ್ಣದು ಮಾಡಿ ಕಾರಿನ ಮುಖಕ್ಕೆ ಕೂರಿಸಿದರು. ಬೆಲ್ಟಿನಿಂದ ತಿರುಗುವ ಪುಟ್ಟ ಪಂಪು, ನೀರು ಹಾಕಲು ಒಂದು ಡಬ್ಬಿ. ಪೆಟ್ಟಿಗೆಯನ್ನು ದನ ನೀರು ಕುಡಿಯುವ ಬಾನಿಯಲ್ಲಿ ಮುಳುಗಿಸಿ ಊದಿ, ಗುಳ್ಳೆ ಎದ್ದಲ್ಲೆಲ್ಲ ಮತ್ತೆ ಬೆಸೆದರು. ಏಳು ಸಲ ಮುಳುಗಿಸಿದರು. ಕುಷ್ಟಗಿಯ ನೀರು ಸವಳು, ನಳಿಗೆಯೊಳಗೆ ಸುಣ್ಣ ಕಟ್ಟುತ್ತದೆ ಎಂದು ಗಂಗಾವತಿಯ ಕಾಲುವೆ ನೀರನ್ನೇ ಕ್ಯಾನಿನಲ್ಲಿ ತಂದರು. ಅಷ್ಟು ಜಾಗರೂಕತೆ.

ಅದನ್ನು ಹಾಳು ಮಾಡಿದವನು ನಾನು.

ನಮ್ಮ ಮನೆಯಲ್ಲಿ ಹೊಸ ಬಾವಿಯಿರಲಿ, ಹೊಸ ಪಂಪಿರಲಿ, ಹುಲಿಗೆಮ್ಮನ ಭಂಡಾರ ಬೀಳದೆ ನೀರು ಮುಟ್ಟುವ ಪದ್ಧತಿಯಿಲ್ಲ. ಹುಲಿಗಿಗೆ ಹೋಗಿ, ನನ್ನ ಮೇಲಿನ ಅಪವಾದ ತೊಳೆ ತಾಯಿ ಎಂದು ಬೇಡಿಕೊಂಡು, ಒಂದು ಗಂಟು ಭಂಡಾರ ತಂದಿದ್ದೆ. ಪರೀಕ್ಷೆಯ ದಿನ ಬೆಳಗ್ಗೆ, ಮಿಸ್ತ್ರಿ ಊಟಕ್ಕೆ ಕೂತಾಗ, ನೀರಿನ ಡಬ್ಬಿಯ ಮುಚ್ಚಳ ತೆಗೆದು ಆ ಅರಿಶಿನಪುಡಿಯನ್ನು ಬೊಗಸೆ ತುಂಬ ಸುರಿದೆ. ಚಿಟಿಕೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ನನ್ನ ಅಪವಾದ ದೊಡ್ಡದಿತ್ತಲ್ಲ, ಚಿಟಿಕೆ ಸಾಲದೆನಿಸಿತು.

ಮಧ್ಯಾಹ್ನ ಎರಡು ಚೀಲ ಜೋಳ ಹೇರಿ ಹೊರಟೆವು. ಡಾಕ್ಟರೇ ಓಡಿಸಿದರು. ಯಲಬುರ್ಗಾದಲ್ಲಿ ನಿಲ್ಲಿಸಿ ಮಿಸ್ತ್ರಿ ಪೆಟ್ಟಿಗೆಯಾಚೆಯ ಕೊಳವೆ ಮುಟ್ಟಿದರು. ಹತ್ತು ಎಣಿಕೆ. ಅವರ ಮುಖದಲ್ಲಿ ನಗು ಕಂಡೆ. ಏರಿನ ಬುಡದಲ್ಲಿ ಮೂರು ಎಣಿಕೆಗೇ ಕೈ ತೆಗೆದರು, ನಗು ಹೋಯಿತು. ಅರ್ಧ ಏರಿಗೆ ಕಾರು ಹಳೆಯ ಹಾಗೆಯೇ ಏದುಸಿರು ಬಿಟ್ಟು ನಿಂತಿತು. ಮಿಸ್ತ್ರಿ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದರು. ಹಳದಿ ಕೆಸರು ಬಂತು. ಬೆರಳು ನೋಡಿದರು, ಮೂಸಿದರು, ಆಮೇಲೆ ನನ್ನ ಮುಖ ನೋಡಿದರು. ಅವರು ಪಣಕ್ಕೆ ಇಟ್ಟ ಹೆಸರು ಉಳಿಯಬೇಕಾದರೆ ನನ್ನ ಕಡೆ ಕೈ ತೋರಿಸಿದರೆ ಸಾಕಿತ್ತು. ಆಗ ಡಾಕ್ಟರು ನನ್ನನ್ನು ಜನ್ಮದಲ್ಲಿ ಹತ್ತಿರ ಸೇರಿಸುತ್ತಿರಲಿಲ್ಲ.

"ಏನಾತು?" ಎಂದರು ಡಾಕ್ಟರು ಸೀಟಿನಿಂದಲೇ.

ಮಿಸ್ತ್ರಿ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. "ನಂದ ತಪ್ಪು ಡಾಕ್ಟ್ರ. ಜಾಲರಿ ಇಡೂದು ಮರತೀನಿ. ನಳಿಗ್ಯಾಗ ಕಸ ಹೊಕ್ಕೈತಿ. ಮೂರು ದಿನ ಕೊಡ್ರಿ."

ಡಾಕ್ಟರು ಗಾಡಿ ತಿರುಗಿಸಿದರು. ಕ್ರಾಸಿನ ಲಾರಿಯವರು ಮೂರು ದಿನವೂ ಆಡಿಕೊಂಡು ನಕ್ಕರು. ಮಿಸ್ತ್ರಿ ಹುಣಸೆ ನೀರು, ಸೋಡಾ ನೀರು ಹಾಯಿಸಿ ಒಂದೊಂದೇ ನಳಿಗೆ ಶುಚಿ ಮಾಡಿದರು. ಮನೆಯ ಚಹಾ ಸೋಸುವ ಹಿತ್ತಾಳೆ ಜಾಲರಿಯನ್ನು ಕತ್ತರಿಸಿ ಡಬ್ಬಿಯ ಬಾಯಿಗೆ ಬೆಸೆದರು. ಕಡೆಗೆ ಒಂದು ಪುಟ್ಟ ಬಟ್ಟಲನ್ನು ಸ್ಟೇರಿಂಗಿನ ಪಕ್ಕ ಕೂರಿಸಿ, ನನ್ನೊಬ್ಬನಿಗೇ ಕೇಳುವಂತೆ, "ಇನ್ನ ಮ್ಯಾಲೆ ಅವ್ವಗ ಏನ್ ಕೊಡೂದಿದ್ರೂ ಇದರಾಗ ಕೊಡು" ಎಂದರು. ಆ ವಿಷಯದಲ್ಲಿ ಅವರು ನನಗೆ ಆಡಿದ ಮಾತು ಅದೊಂದೇ. ನಾನು ಹೂಂ ಎಂದೆ. ಡಾಕ್ಟರ ಮುಂದೆ ನಿಜ ಹೇಳುವ ಧೈರ್ಯ ಬರಲಿಲ್ಲ, ಅಂದೂ ಬರಲಿಲ್ಲ, ಆಮೇಲೂ ಬಹುಕಾಲ ಬರಲಿಲ್ಲ.

ನಾಲ್ಕನೆಯ ದಿನ ಅದೇ ಬಿಸಿಲು, ಅದೇ ಜೋಳದ ಚೀಲ. ಈ ಸಲ ನಗಲೆಂದೇ ಇಬ್ಬರು ಲಾರಿಯವರೂ ಹಿಂದೆ ಹತ್ತಿ ಕೂತಿದ್ದರು. ಏರು ಬಂತು. ಕಾರು ಗೇರು ಇಳಿಸದೆ ಹತ್ತಿತು. ನಿಜ ಹೇಳುತ್ತೇನೆ, ನನ್ನ ಮದುವೆಯಲ್ಲಿಯೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ನೆತ್ತಿಯಲ್ಲಿ ನಿಲ್ಲಿಸಿದಾಗ ಮಿಸ್ತ್ರಿ, "ಇವತ್ತು ನೀವ ಮುಟ್ರಿ" ಎಂದು ಡಾಕ್ಟರ ಕೈ ಹಿಡಿದು ಕೊಳವೆಯ ಮೇಲಿಟ್ಟರು. ಡಾಕ್ಟರು ಶಾಲೆಯ ಹುಡುಗನ ಹಾಗೆ ಗಟ್ಟಿಯಾಗಿ ಎಣಿಸಿದರು. ಹನ್ನೆರಡಾದರೂ ಕೈ ತೆಗೆಯಲಿಲ್ಲ. ಆಮೇಲೆ ಕೀಲಿ ತೆಗೆದು, ಆ ಲಾರಿಯವರ ಎದುರಿಗೇ ನನ್ನ ಕೈಯಲ್ಲಿಟ್ಟು, "ತಪ್ಪು ತಿಳಕೊಂಡಿದ್ದೆ ಮಾರಾಯ. ಮನಸ್ಸಿನಾಗ ಇಟ್ಕೋಬ್ಯಾಡ" ಎಂದರು. ವಾಪಸು ನಾನೇ ಓಡಿಸಿದೆ. ಸಂಜೆಯೊಳಗೆ ಲಾರಿಯವರೇ ಊರ ತುಂಬ ಸುದ್ದಿ ಹಂಚಿದರು. ಹದಿನೈದು ದಿನದಲ್ಲಿ ಗಂಗಾವತಿಯಿಂದಲೂ ಕೊಪ್ಪಳದಿಂದಲೂ ಗಾಡಿಯವರು ಬಂದು ಬಾನೆಟ್ ಎತ್ತಿಸಿ ನೋಡಿ ಹೋದರು.

ಎರಡು ವರ್ಷಕ್ಕೆ ಅದೇ ಹೆಣ್ಣುಮಗಳಿಗೆ ಮತ್ತೆ ನೋವು ಬಂತು, ಮತ್ತೆ ಬೇಸಿಗೆಯಲ್ಲೇ. ಅದೇ ಮೈದುನ ಮುಂದಿನ ಸೀಟಿನಲ್ಲಿ ಕೈ ಮುಗಿದುಕೊಂಡು ಕೂತಿದ್ದ. ಏರು ಯಾವಾಗ ಮುಗಿಯಿತೋ ಅವನಿಗೆ ಗೊತ್ತೇ ಆಗಲಿಲ್ಲ. ಹೆಣ್ಣು ಕೂಸು ಅಳುವ ದನಿ ಕೇಳಿ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಟ್ಟೆ. ಊರಿಗೆ ಬಂದು ಹೇಳಿದಾಗ ಮಿಸ್ತ್ರಿ ಕೇಳಿದ್ದು ಒಂದೇ: "ಪೈಪು ಎಷ್ಟು ಎಣಿಕಿ ಬಂತು?"

ಆ ದಶಕ ಮುಗಿಯುವ ಮುನ್ನವೇ ಅವರು ತೀರಿಕೊಂಡರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ಕಾರು ತರಲು ಕೂಡ ಹೊತ್ತು ಕೊಡಲಿಲ್ಲ. ಹುಲಿಹೈದರದ ಅವರ ಮನೆಯ ಮುಂದೆ ನೂರಾರು ಮಂದಿ ಚಾಲಕರು ಸೇರಿದ್ದರು. ಮಣ್ಣು ಮುಗಿಸಿ ಬಂದು ಕೂತಾಗ ಒಬ್ಬೊಬ್ಬರೂ ಅವರ ಕೈಗುಣ ಹೊಗಳುತ್ತಿದ್ದರು. ಡಾಕ್ಟರು ಕಣ್ಣೊರೆಸಿಕೊಂಡು, "ನಾ ಕಂಡಂಗ ಜೀವಮಾನದಾಗ ಒಂದ ಸಲ ತಪ್ಪಿದ ಮನುಷ್ಯಾ. ಅವತ್ತು ಆ ಜಾಲರಿ ಮರತಿದ್ದ, ಅಷ್ಟ" ಎಂದರು.

ಆ ಒಂದು ತಪ್ಪೂ ಅವರ ಹೆಸರಿಗೆ ಅಂಟಿ ಹೋಗುವುದನ್ನು ನನ್ನಿಂದ ಕೇಳಿಕೊಂಡು ಕೂರಲಾಗಲಿಲ್ಲ. ಎದ್ದು ನಿಂತೆ. ಭಂಡಾರ ಸುರಿದವನು ನಾನು, ಗೊತ್ತಿದ್ದೂ ಅವರು ತಮ್ಮ ಮೇಲೆ ಹಾಕಿಕೊಂಡರು ಎಂದು ಎಲ್ಲರ ಎದುರಿಗೆ ಹೇಳಿದೆ. ಡಾಕ್ಟರು ಬಾಯಿ ತೆರೆದು ನನ್ನನ್ನೇ ನೋಡಿದರು.

ಒಳಗಿನಿಂದ ಮಿಸ್ತ್ರಿಯವರ ಹೆಂಡತಿ ಬಾಗಿಲಿಗೆ ಬಂದರು. "ನಮಗೆಲ್ಲಾ ಗೊತ್ತೈತಿ ತಮ್ಮಾ" ಎಂದರು. "ಅವತ್ತ ಮನಿಗೆ ಬಂದು ಹೇಳಿದ್ರು. ಯಾರೂ ಬಾಯಿ ಬಿಡಬ್ಯಾಡ್ರಿ, ಅವಾ ಒಂದಿನ ತಾನ ಹೇಳ್ತಾನ, ಹೇಳೂ ಹುಡುಗ ಅದಾನ ಅಂದಿದ್ರು."