ಅಲರ್ಜಿ: ಇಲ್ಲ

ಭದ್ರಾವತಿಯ ಕಾಗದನಗರದ ಪಕ್ಕ ನಾನು ಕ್ಲಿನಿಕ್ ಇಟ್ಟು ಮೂವತ್ತು ವರ್ಷ ದಾಟಿತು. ಡಾಕ್ಟರ ಅಕ್ಷರ ದೇವರಿಗೇ ಪ್ರೀತಿ ಅಂತ ಎಲ್ಲರೂ ಆಡಿಕೊಳ್ಳುತ್ತಾರಲ್ಲ, ನನ್ನದು ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಒಬ್ಬೊಬ್ಬ ರೋಗಿಗೂ ಒಂದು ಹಳದಿ ಕಾರ್ಡು. ಅದು ಅವರ ಮನೆಯಲ್ಲೇ ಇರಬೇಕು, ಬರುವಾಗ ತರಬೇಕು. ಮರೆತು ಬಂದವರನ್ನು ಬೈದು ಕಾಗದದ ಮಿಲ್ಲಿನ ಕ್ವಾರ್ಟರ್ಸಿಗೆ ವಾಪಸ್ ಓಡಿಸುತ್ತಿದ್ದೆ.

ಒಮ್ಮೆಯೂ ಕಾರ್ಡು ಮರೆಯದವಳು ಬ್ಲೌಸ್ ಹೊಲಿಯುತ್ತಿದ್ದ ಒಬ್ಬ ಹೆಂಗಸು. ಗಂಡ ಮಿಲ್ಲಿನಲ್ಲಿದ್ದವನು, ಮಿಲ್ಲು ನಿಂತ ಮೇಲೆ ಆಟೊ ಓಡಿಸುತ್ತಿದ್ದ. ಒಂದು ಸಲ ನಾನು ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟ ಐದೇ ನಿಮಿಷಕ್ಕೆ ಅವಳ ತುಟಿ, ನಾಲಿಗೆ ಊದಿ ಉಸಿರು ಕಟ್ಟಿತ್ತು. ಹೇಗೋ ಉಳಿಸಿಕೊಂಡೆ. ಅವತ್ತೇ ಕಾರ್ಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ 'ಪೆನ್ಸಿಲಿನ್ ಕೊಡಲೇಬಾರದು' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. "ಈ ಕೆಂಪಕ್ಷರಾನೇ ನಿನ್ನ ಜೀವ ಅಂತ ತಿಳ್ಕೊ. ಯಾವ ಡಾಕ್ಟ್ರ ಹತ್ರ ಹೋದ್ರೂ ಮೊದಲು ಇದನ್ನ ತೋರಿಸು" ಅಂದೆ. ಮುಂದಿನ ಸಲ ಬರುವಾಗ ಬ್ಲೌಸ್ ಪೀಸಿನ ಚೂರುಗಳಲ್ಲಿ ಕಾರ್ಡಿಗೊಂದು ಪುಟ್ಟ ಚೀಲ ಹೊಲಿದುಕೊಂಡು ಬಂದಿದ್ದಳು.

ಆಮೇಲೆ ಕಂಪ್ಯೂಟರ್ ಬಂತು. ಶಿವಮೊಗ್ಗದ ಒಂದು ದೊಡ್ಡ ಆಸ್ಪತ್ರೆಯ ಜೊತೆ ನನ್ನ ಕ್ಲಿನಿಕ್ ಸೇರಿತ್ತು. ನಾನಿಲ್ಲಿ ಬರೆದದ್ದು ಅಲ್ಲಿ ಕಾಣುತ್ತಂತೆ. ಹಾಳಾದ್ದು, ರೋಗಿಯ ಮುಖ ನೋಡೋದು ಬಿಟ್ಟು ಪರದೆ ನೋಡುವ ಕೆಲಸವಾಯಿತು. ಹೊರಗೆ ಜನ ಕೆಮ್ಮುತ್ತಾ ಕೂತಿದ್ದಾರೆ, ಇದು 'ಅಲರ್ಜಿ ಇದೆಯೇ?' ಅಂತ ಕೇಳುತ್ತದೆ. ಇದೆ ಅಂತ ಒತ್ತಿದರೆ ಮತ್ತೆ ಆರೇಳು ಪ್ರಶ್ನೆ. ಇಲ್ಲ ಅಂದರೆ ಸುಮ್ಮನೆ ಮುಂದಕ್ಕೆ ಹೋಗುತ್ತದೆ. ನಾನು ಎಲ್ಲರಿಗೂ ಇಲ್ಲ ಅಂತಲೇ ಒತ್ತಿದೆ. ಅವಳಿಗೂ. ಯಾರಿಗೆ ಯಾವ ಔಷಧಿ ಆಗಲ್ಲ ಅನ್ನೋದು ನನ್ನ ತಲೆಯಲ್ಲೇ ಇದೆಯಲ್ಲ, ಬಿಡುವಾದಾಗ ಸರಿ ಮಾಡಿದರಾಯಿತು ಅನ್ನೋ ಜಂಬ. ಬಿಡುವೇ ಸಿಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಸಂಜೆ ಕಾಲು ಚಾಚಿಕೊಂಡು ಕ್ರಿಕೆಟ್ ನೋಡುತ್ತಿದ್ದೆ.

ಅವಳು ಎಂದಿನಂತೆ ಚೀಲದಿಂದ ಕಾರ್ಡು ತೆಗೆದಳು.

"ಇನ್ಮೇಲೆ ಇದೆಲ್ಲ ಬೇಡ ಮಾರಾಯ್ತಿ. ಎಲ್ಲಾ ಕಂಪ್ಯೂಟರಲ್ಲಿದೆ."

"ಕೆಂಪಕ್ಷರಾನೂ ಇದ್ಯಾ ಸಾರ್?"

"ಇದೆ, ಹೋಗು" ಅಂದೆ. ತಲೆ ಎತ್ತಿ ಅವಳ ಮುಖ ಕೂಡ ನೋಡಲಿಲ್ಲ.

ಅವಳಿಗೆ ಜ್ವರ ಏರಿ ಎದೆ ಕಟ್ಟಿದ ದಿನ ನಾನು ಹೊಳೆಹೊನ್ನೂರಿನಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಕ್ಲಿನಿಕ್ ಬಾಗಿಲು ಹಾಕಿದ್ದು ನೋಡಿ ಗಂಡ ಅವಳನ್ನು ತನ್ನ ಆಟೊದಲ್ಲೇ ಶಿವಮೊಗ್ಗದ ಸವಳಂಗ ರಸ್ತೆಯ ಆ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಮಧ್ಯಾಹ್ನ ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನಗೆ ಫೋನ್ ಮಾಡಿದಳು. "ಸಾರ್, ನಿಮ್ಮ ರೆಕಾರ್ಡಲ್ಲಿ ಅಲರ್ಜಿ ಇಲ್ಲ ಅಂತಿತ್ತು" ಅಂದಳು. ಪೆನ್ಸಿಲಿನ್ ಆಗುತ್ತೋ ಇಲ್ಲವೋ ಅಂತ ಪರೀಕ್ಷೆಗೆ ಚುಚ್ಚಿದ ಒಂದು ಹನಿಯೇ ಸಾಕಾಗಿತ್ತು. ಎಷ್ಟು ಹೆಣಗಿದರೂ ಉಳಿಸಿಕೊಳ್ಳಲು ಆಗಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಕೆಲವು ದಿನ ಕಂಪ್ಯೂಟರನ್ನೇ ಬೈದುಕೊಂಡು ತಿರುಗಿದೆ. ಪಾಪ, ಅದೇನು ಮಾಡೀತು? ಕೇಳಬೇಕಾದ್ದನ್ನು ಸರಿಯಾಗಿಯೇ ಕೇಳಿತ್ತು. ಅವಳ ಹೆಸರಿನ ಪುಟ ತೆಗೆದು ನೋಡಿದೆ, 'ಇಲ್ಲ' ಅಂತಿತ್ತು, ಪಕ್ಕದಲ್ಲಿ ನನ್ನ ಹೆಸರು.

ತಿಥಿ ಮುಗಿಸಿಕೊಂಡು ಗಂಡ ಬಂದ. ಕೈಯಲ್ಲಿ ಆ ಬಣ್ಣಬಣ್ಣದ ಚೀಲ.

"ಹೊರಡೋವಾಗ ಆ ಜ್ವರದಲ್ಲೂ ಇದಕ್ಕೆ ಕೈ ಹಾಕಿದ್ಲು ಸಾರ್. ಬೇಡ ಕಣೇ, ಸಾರೇ ಬೇಡ ಅಂದಿದಾರಲ್ಲ ಅಂತ ನಾನೇ ಕಿತ್ತಿಟ್ಟೆ. ಅಲ್ಲೂ ಕೇಳಿದ್ರು, ಯಾವುದಾದ್ರೂ ಔಷಧಿ ಆಗಲ್ವಾ ಅಂತ. ನಮ್ಮ ಸಾರು ಎಲ್ಲಾ ಹಾಕಿದಾರೆ, ಅದರಲ್ಲೇ ನೋಡ್ಕೊಳಿ ಅಂದ್ಬಿಟ್ಟೆ." ಚೀಲವನ್ನು ಮುಖಕ್ಕೆ ಒತ್ತಿಕೊಂಡು ಅತ್ತ. "ಕಾರ್ಡು ತಗೊಂಡು ಹೋಗಿದ್ರೆ ಉಳೀತಿದ್ಲು. ನಾನೇ ಕೊಂದೆ ಅಲ್ವಾ ಸಾರ್?"

'ನೀನಲ್ಲಪ್ಪ, ನಾನು' ಅನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು.

ಅವನ ಬೆನ್ನು ಸವರಿ, "ಹಣೆಬರಹ ಕಣಪ್ಪ" ಅಂದೆ.

ಅವನು ನನಗೆ ಕೈ ಮುಗಿದು ಹೋದ.